ಫಾರ್ಮಿನಲ್ಲಿ ‘ಇಲ್ಲ’ ಅಂತ ಬರೆದಿತ್ತು: ಒಂದು ಕಾರ್ಟಿಸಾಲ್ ವರದಿಯ ಪ್ರಕರಣ

ಬಾಗಲಕೋಟೆಯ ನವನಗರದಲ್ಲಿ ನಾನೊಂದು ಸಣ್ಣ ರಕ್ತ ಸಂಗ್ರಹ ಕೇಂದ್ರ ನಡೆಸುತ್ತೇನೆ. ನಾನು ಡಾಕ್ಟರ್ ಅಲ್ಲ, ಲ್ಯಾಬ್ ಟೆಕ್ನಿಷಿಯನ್. ಸೂಜಿ ಚುಚ್ಚುವುದು, ಟ್ಯೂಬಿಗೆ ಹೆಸರು ಅಂಟಿಸುವುದು, ಸಂಜೆ ಗಾಡಿಗೆ ಕೊಟ್ಟು ಕಳಿಸುವುದು, ವರದಿ ಬಂದರೆ ಪ್ರಿಂಟ್ ತೆಗೆದು ಕೊಡುವುದು, ಇಷ್ಟೇ ಕೆಲಸ. ಈ ಕೆಲಸದಲ್ಲಿ ಹದಿನಾಲ್ಕು ವರ್ಷ ಕಳೆದ ಮೇಲೆ ನಾನು ಮಾಡಿದ ಒಂದು ತಪ್ಪಿನ ಕಥೆ ಇದು. ತಪ್ಪು ನನ್ನೊಬ್ಬಳದ್ದೇ ಅಲ್ಲ, ಆದರೆ ನನ್ನ ಪಾಲನ್ನು ಮೊದಲೇ ಹೇಳಿಬಿಡುತ್ತೇನೆ. ಕೇಳಬೇಕಾದ ಪ್ರಶ್ನೆಯನ್ನು ನಾನು ಕೇಳಿದ್ದೆ. ಕೇಳಬಾರದ ಜಾಗದಲ್ಲಿ ಕೇಳಿದ್ದೆ.

ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ವಯಸ್ಸು, ಊರು, ಕೆಲಸ, ಮನೆಯ ವಿವರ ಎಲ್ಲವನ್ನೂ ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಪರೀಕ್ಷೆಯ ಅಂಕಿಗಳನ್ನು ಬದಲಿಸಿಲ್ಲ. ಅವರನ್ನು ಟೀಚರ್ ಅಂತಲೇ ಕರೆಯುತ್ತೇನೆ.

ಟೀಚರಿಗೆ ಮೂವತ್ತು ದಾಟಿದೆ. ಐದು ವರ್ಷದ ಒಬ್ಬ ಮಗಳು, ಗಂಡ, ಅತ್ತೆ. ಬೆಳಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದಿಟ್ಟು, ಬಸ್ ಹಿಡಿದು ಬೀಳಗಿ ಕಡೆಯ ಒಂದು ಶಾಲೆಗೆ ಹೋಗುತ್ತಾರೆ. ಆರು ತಿಂಗಳಿಂದ ಸುಸ್ತು. ಒಂದು ಮಹಡಿ ಹತ್ತಿದರೆ ಏದುಸಿರು. ತೂಕ ನಾಲ್ಕು ಕಿಲೊ ಜಾಸ್ತಿಯಾಗಿತ್ತು. ರಾತ್ರಿ ಹಾಸಿಗೆಗೆ ಬಿದ್ದರೆ ನಿದ್ದೆ ಹತ್ತುತ್ತಿರಲಿಲ್ಲ. ಯಾಕೆ ಅಂದರೆ ಅವರು ಹೇಳುತ್ತಿದ್ದದ್ದು ಒಂದೇ ಮಾತು: “ಕಾಲಾಗ ಇರಿವಿ ಹರದಂಗ ಆಗ್ತೈತ್ರಿ, ಝಾಡಿಸಿಕೋತ ಕೂಡೂದ ಆಗೇತಿ.” ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾವ್ಯಾರೂ ಇಟ್ಟುಕೊಳ್ಳಲಿಲ್ಲ.

ಗಂಡ ಒಳ್ಳೆಯ ಮನುಷ್ಯ. ರಿಯಾಯಿತಿ ದರದ ‘ಫುಲ್ ಬಾಡಿ ಪ್ಯಾಕೇಜ್’ ಒಂದನ್ನು ನೋಡಿ, ಹೆಂಡತಿಯನ್ನೂ ತಾಯಿಯನ್ನೂ ಒಂದು ಬೆಳಗ್ಗೆ ನನ್ನ ಕೇಂದ್ರಕ್ಕೆ ಕರೆತಂದರು. ಫಾರ್ಮ್ ತುಂಬಿದ್ದೂ ಅವರೇ. ‘ಸದ್ಯ ತೆಗೆದುಕೊಳ್ಳುತ್ತಿರುವ ಔಷಧ’ ಎಂಬ ಸಾಲಿನ ಮುಂದೆ ‘ಇಲ್ಲ’ ಅಂತ ಬರೆದಿದ್ದರು. ನಾನು ನಿಯಮದಂತೆ ಬಾಯಿಬಿಟ್ಟೂ ಕೇಳಿದೆ: “ಯಾವುದಾರ ಗುಳಿಗಿ ನಡದಾವೇನ್ರಿ?” ಟೀಚರ್ ಅತ್ತೆಯ ಕಡೆ ಒಮ್ಮೆ ನೋಡಿ, “ಏನೂ ಇಲ್ರಿ” ಅಂದರು. ಆ ಒಂದು ನೋಟ ನನಗೆ ಕಂಡಿತ್ತು. ಹಿಂದೆ ಇನ್ನೂ ಏಳು ಜನ ಕೂತಿದ್ದರು. ತೋಳಿಗೆ ಪಟ್ಟಿ ಕಟ್ಟಿದೆ. ಸಮಯ 8:10.

ಮರುದಿನ ವರದಿ ಬಂತು. ಕಾರ್ಟಿಸಾಲ್ ಡೆಸಿಲೀಟರಿಗೆ 33.6 ಮೈಕ್ರೊಗ್ರಾಂ. ಪಕ್ಕದಲ್ಲಿ ಅಚ್ಚಾಗಿದ್ದ ಬೆಳಗಿನ ಮಿತಿ 6.2 ರಿಂದ 19.4. ಅಂಕಿ ದಪ್ಪ ಅಕ್ಷರದಲ್ಲಿತ್ತು, ಮುಂದೆ ಮೇಲ್ಮುಖ ಬಾಣದ ಗುರುತು.

ಇಲ್ಲಿಂದ ಮುಂದೆ ಆ ಮನೆಯಲ್ಲಿ ನಡೆದದ್ದನ್ನು ಟೀಚರ್ ಆಮೇಲೆ ನನಗೆ ಹೇಳಿದರು. ಗಂಡ ಮೊಬೈಲಿನಲ್ಲಿ ಹುಡುಕಿದರು. ಕಾರ್ಟಿಸಾಲ್ ಅಂದರೆ ‘ಟೆನ್ಷನ್ ಹಾರ್ಮೋನ್’ ಅಂತ ಬಂತು. ಸರಿ, ಯಾರಿಂದ ಟೆನ್ಷನ್? ತವರಿನವರು ಅತ್ತೆಯ ಕಡೆ ನೋಡಿದರು. ಅತ್ತೆ, “ನಾ ಏನ್ ಮಾಡೇನಿ? ನೌಕರಿ ಬಿಡಸ್ರಿ, ಎಲ್ಲಾ ಸುಮ್ಮ ಆಕ್ಕೈತಿ” ಅಂದರು. ಒಂದು ರಕ್ತದ ವರದಿ ಮನೆಯ ಜಗಳಕ್ಕೆ ಸಾಕ್ಷಿಯಾಯಿತು. ಇನ್ನೂ ಎರಡು ಪುಟ ಕೆಳಗೆ ಓದಿದರೆ ಮೈಯಲ್ಲಿ ಕಾರ್ಟಿಸಾಲ್ ಬಹಳ ಕಾಲ ವಿಪರೀತವಾಗಿರುವ ‘ಕುಶಿಂಗ್ಸ್’ ಅನ್ನುವ ಕಾಯಿಲೆಯ ಹೆಸರು, ತಲೆಯೊಳಗೆ ಗಡ್ಡೆ ಅನ್ನುವ ಮಾತು. ಆ ರಾತ್ರಿ ಮೂವರೂ ಮಲಗಲಿಲ್ಲವಂತೆ.

‘ಟೆನ್ಷನ್ ಹಾರ್ಮೋನ್’ ಅನ್ನುವ ಹೆಸರೇ ಒಂದು ಉಪದ್ರವ. ಕಾರ್ಟಿಸಾಲ್ ಇಲ್ಲದೆ ನಾವು ಬದುಕುವುದೇ ಇಲ್ಲ. ರಕ್ತದೊತ್ತಡ ನಿಲ್ಲಿಸುವುದು, ಉಪವಾಸದಲ್ಲಿ ಸಕ್ಕರೆ ಹಿಡಿದಿಡುವುದು, ಜ್ವರ ಬಂದಾಗ ಮೈ ಕಾಯುವುದು ಎಲ್ಲ ಅದರ ಕೆಲಸ. ಕಿಡ್ನಿಯ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿ ಅದನ್ನು ತಯಾರಿಸುತ್ತದೆ. ಎಷ್ಟು ಬೇಕೆಂದು ಆಜ್ಞೆ ಕೊಡುವುದು ಮೆದುಳಿನ ಬುಡದ ಪಿಟ್ಯುಟರಿ. ಬೆಳಗಿನ ಜಾವ ಏರುತ್ತದೆ, ನಾವು ಏಳುವ ಹೊತ್ತಿಗೆ ತುದಿ ಮುಟ್ಟುತ್ತದೆ, ಮಧ್ಯರಾತ್ರಿಗೆ ತಳ ಸೇರುತ್ತದೆ. ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಸೀಸನ್ ಪೂರ್ತಿ ರಾತ್ರಿ ಪಾಳಿ ಮಾಡುವವನ ತಾಳವೇ ಬೇರೆ. ಹಾಗಾಗಿ ಬೆಳಗಿನ ಒಂದು ಅಂಕಿ ನೋಡಿ ‘ನಿಮಗೆ ಟೆನ್ಷನ್ ಜಾಸ್ತಿ’ ಅನ್ನುವುದು, ಮಧ್ಯಾಹ್ನ ಹನ್ನೆರಡರ ಬಿಸಿಲು ನೋಡಿ ಇದು ಬೇಸಿಗೆಯೋ ಚಳಿಗಾಲವೋ ಅಂತ ಹೇಳಿದ ಹಾಗೆ. ಆರೋಗ್ಯವಂತರ ಪ್ಯಾಕೇಜಿನಲ್ಲಿ ಈ ಪರೀಕ್ಷೆಯನ್ನು ಯಾಕೆ ಸೇರಿಸುತ್ತಾರೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಗೊತ್ತಾಗಿದೆ ಅನ್ನಿ, ಹೇಳುವುದು ಬೇಡ.

ಮರುವಾರ ಅವರ ಕುಟುಂಬದ ವೈದ್ಯರು ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಲು ಹೇಳಿದರು. ಅದೇ ಹೊತ್ತು, ಅದೇ ಕುರ್ಚಿ, ಅದೇ ಮಷೀನ್. ಬಂದದ್ದು 35.1. ‘ಎರಡು ಸಲ ಬಂದಿದೆ, ಹಾಗಾದರೆ ನಿಜ’ ಅಂತ ಎಲ್ಲರಿಗೂ ಖಾತ್ರಿಯಾಯಿತು. ಪುನಃ ಮಾಡಿದ ಪರೀಕ್ಷೆ ಹಳೆಯ ತಪ್ಪನ್ನೂ ಪುನಃ ಮಾಡಬಹುದು ಅನ್ನುವುದು ಆಗ ಯಾರಿಗೂ ಹೊಳೆಯಲಿಲ್ಲ.

ಮೂರನೆಯದು ಡೆಕ್ಸಾಮೆಥಾಸೋನ್ ಪರೀಕ್ಷೆ. ಕುಶಿಂಗ್ಸ್ ಅನುಮಾನ ಬಂದಾಗ ಇದು ಸರಿಯಾದ ಹೆಜ್ಜೆಯೇ. ಕಾರ್ಟಿಸಾಲಿನ ಹಾಗೆಯೇ ಕೆಲಸ ಮಾಡುವ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಗುಳಿಗೆಯನ್ನು ರಾತ್ರಿ 11ಕ್ಕೆ 1 ಮಿಲಿಗ್ರಾಂ ನುಂಗಬೇಕು. ಅದನ್ನು ಕಂಡ ಪಿಟ್ಯುಟರಿ ‘ಸಾಕು, ಸ್ಟೀರಾಯ್ಡ್ ಬೇಕಾದಷ್ಟಿದೆ’ ಅಂದುಕೊಂಡು ಆಜ್ಞೆ ನಿಲ್ಲಿಸುತ್ತದೆ. ಬೆಳಗ್ಗೆ 8ಕ್ಕೆ ರಕ್ತ ತೆಗೆದರೆ ಕಾರ್ಟಿಸಾಲ್ 1.8ಕ್ಕಿಂತ ಕೆಳಗೆ ಇಳಿದಿರಬೇಕು. ಇಳಿಯದಿದ್ದರೆ, ಗ್ರಂಥಿ ಯಾರ ಮಾತೂ ಕೇಳದೆ ತನ್ನಷ್ಟಕ್ಕೆ ಉತ್ಪಾದಿಸುತ್ತಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ.

ಆ ಬೆಳಗ್ಗೆ ಅತ್ತೆ-ಸೊಸೆ ಇಬ್ಬರೇ ಬಂದಿದ್ದರು. ರಕ್ತ ತೆಗೆದಾಯಿತು. ದುಡ್ಡು ಕೊಡಲು ಟೀಚರ್ ತಮ್ಮ ಸಣ್ಣ ಪರ್ಸಿನ ಒಳಜಿಪ್ ತೆಗೆದರು. ಇನ್ನೂರರ ನೋಟಿನ ಜೊತೆ ಬೆಳ್ಳಿ ಹಾಳೆಯ ಒಂದು ಮೂಲೆ ಹೊರಬಂತು. ಏಳೇಳು ಗುಳಿಗೆಯ ಸಾಲು, ಸಾಲಿನ ಉದ್ದಕ್ಕೂ ಸಣ್ಣ ಬಾಣದ ಗುರುತು. ನಾನೂ ಹೆಂಗಸೇ ಅಲ್ವಾ, ಆ ಪಟ್ಟಿ ಯಾವುದು ಅಂತ ಗುರುತು ಹಿಡಿಯಲು ಹೆಸರು ಓದಬೇಕಿರಲಿಲ್ಲ. ಟೀಚರ್ ಅದನ್ನು ಹೆಬ್ಬೆರಳಿನಿಂದ ಒಳಗೆ ತಳ್ಳಿದರು. ನಮ್ಮಿಬ್ಬರ ಕಣ್ಣು ಒಂದು ಕ್ಷಣ ಕೂಡಿತು. ಅತ್ತೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು.

ನಾನು ಆಗ ಏನೂ ಮಾತಾಡಲಿಲ್ಲ. ಹೆದರಿಕೆಯೂ ಇತ್ತು, ಸಂಕೋಚವೂ ಇತ್ತು. ಸಂಜೆ ವರದಿ ಬಂತು: 4.6. ಗಂಡ ಫೋನಿನಲ್ಲೇ ಕುಸಿದ ಧ್ವನಿಯಲ್ಲಿ, ತಲೆಯ ಎಂಆರ್‌ಐಗೆ ದುಡ್ಡು ಹೊಂದಿಸುತ್ತಿದ್ದೇನೆ ಅಂದರು.

ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಡಿಪ್ಲೊಮಾದಲ್ಲಿ ಓದಿದ್ದ ಒಂದು ಪಾಠ ನೆನಪಾಗುತ್ತಿತ್ತು. ಅದನ್ನು ನಮ್ಮೂರ ರೀತಿಯಲ್ಲಿ ಹೇಳುತ್ತೇನೆ.

ಕಬ್ಬಿನ ಸೀಸನ್ನಿನಲ್ಲಿ ಕಾರ್ಖಾನೆ ಮುಂದಿನ ರಸ್ತೆ ನೋಡಿದ್ದೀರಲ್ಲ? ಮೈಲುಗಟ್ಟಲೆ ಟ್ರ್ಯಾಕ್ಟರ್ ಸಾಲು. ಟ್ರೇಲರಿನ ಮೇಲೆ ಬಿಗಿದು ಕಟ್ಟಿದ ಕಬ್ಬಿನಿಂದ ಒಂದು ಹನಿ ರಸವೂ ಬರುವುದಿಲ್ಲ. ಇಳಿಸಿ ಗಾಣಕ್ಕೆ ಹಾಕಿದ ಕಬ್ಬೇ ರಸ ಕೊಡುವುದು. ಕಾರ್ಟಿಸಾಲ್ ಕೂಡ ಹಾಗೇ. ರಕ್ತದಲ್ಲಿ ಹರಿಯುವ ಕಾರ್ಟಿಸಾಲಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಬಹುಪಾಲು ಸಿಬಿಜಿ ಅನ್ನುವ ಪ್ರೋಟೀನಿಗೆ, ಸ್ವಲ್ಪ ಆಲ್ಬುಮಿನ್‌ಗೆ. ಇವೇ ಟ್ರೇಲರುಗಳು. ಯಾವುದಕ್ಕೂ ಅಂಟದೆ ಬಿಡಿಯಾಗಿ ಓಡಾಡುವುದು ಸುಮಾರು ನೂರಕ್ಕೆ ಐದು ಭಾಗ. ಜೀವಕೋಶದೊಳಗೆ ಹೋಗಿ ಕೆಲಸ ಮಾಡುವುದು ಆ ಬಿಡಿ ಕಾರ್ಟಿಸಾಲ್ ಮಾತ್ರ. ಇದನ್ನೇ ‘ಫ್ರೀ ಕಾರ್ಟಿಸಾಲ್’ ಅನ್ನುತ್ತಾರೆ. ಫ್ರೀ ಅಂದರೆ ಪುಕ್ಕಟೆ ಅಲ್ಲ. ಒಬ್ಬರು ನನ್ನ ಹತ್ತಿರ ಹಾಗೇ ತಿಳಿದು ಜಗಳಾಡಿದ್ದರು.

ನಾವು ಮಾಮೂಲಿಯಾಗಿ ಮಾಡುವ ರಕ್ತ ಪರೀಕ್ಷೆ ಎಲ್ಲವನ್ನೂ ಒಟ್ಟಿಗೆ ಎಣಿಸುತ್ತದೆ. ರಸ್ತೆಯ ಟ್ರೇಲರಿನ ಕಬ್ಬು, ಗಾಣದ ಕಬ್ಬು, ಎಲ್ಲ ಸೇರಿ ಒಂದೇ ಅಂಕಿ. ಈಗ ಪರ್ಸಿನಲ್ಲಿ ಕಂಡ ಗುಳಿಗೆಯ ವಿಷಯಕ್ಕೆ ಬನ್ನಿ. ಅಂಥ ಗುಳಿಗೆಯಲ್ಲಿ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಇರುತ್ತದೆ. ಬಾಯಿಂದ ನುಂಗಿದ ಈಸ್ಟ್ರೋಜನ್ ಮೊದಲು ಲಿವರಿಗೆ ಹೋಗುತ್ತದೆ. ಸಿಬಿಜಿ ತಯಾರಾಗುವುದೂ ಲಿವರಿನಲ್ಲೇ. ಈಸ್ಟ್ರೋಜನ್ ಕಂಡ ಲಿವರ್ ಜಾಸ್ತಿ ಸಿಬಿಜಿ ಮಾಡಿ ರಕ್ತಕ್ಕೆ ಬಿಡುತ್ತದೆ. ಖಾಲಿ ಟ್ರೇಲರ್ ಜಾಸ್ತಿಯಾದವು ಅಂದರೆ ಬಿಡಿ ಕಬ್ಬು ಅವುಗಳ ಮೇಲೆ ಹತ್ತುತ್ತದೆ. ಗಾಣಕ್ಕೆ ಕಡಿಮೆ ಬೀಳತೊಡಗಿದ್ದನ್ನು ಪಿಟ್ಯುಟರಿ ಗಮನಿಸಿ, ಮೊದಲಿನಷ್ಟೇ ಗಾಣ ತಿರುಗುವ ತನಕ ಹೊಲದಿಂದ ಇನ್ನಷ್ಟು ತರಿಸುತ್ತದೆ. ಕೊನೆಗೆ ಗಾಣದಲ್ಲಿ ಎಂದಿನಷ್ಟೇ ಕಬ್ಬು, ರಸ್ತೆಯಲ್ಲಿ ಮಾತ್ರ ದುಪ್ಪಟ್ಟು ಸಾಲು. ರಸ್ತೆ ಎಣಿಸಿದವನಿಗೆ 33.6 ಕಾಣುತ್ತದೆ. ಮೈಗೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಬಸುರಿಯರಲ್ಲೂ ಈಸ್ಟ್ರೋಜನ್ ಏರುವುದರಿಂದ ಒಟ್ಟು ಕಾರ್ಟಿಸಾಲ್ ಎರಡು-ಮೂರು ಪಟ್ಟು ಆಗುತ್ತದೆ.

ಡೆಕ್ಸಾಮೆಥಾಸೋನ್ ಪರೀಕ್ಷೆ ಮೋಸ ಮಾಡಿದ್ದೂ ಇದೇ ಕಾರಣಕ್ಕೆ. ಗ್ರಂಥಿ ಕೆಲಸ ನಿಲ್ಲಿಸಿದರೂ, ಜಾಸ್ತಿ ಟ್ರೇಲರುಗಳಲ್ಲಿ ಉಳಿದ ಸರಕು ಬೆಳಗ್ಗೆ ಎಣಿಕೆಗೆ ಸಿಗುತ್ತದೆ. ಈಸ್ಟ್ರೋಜನ್ ಗುಳಿಗೆ ತೆಗೆದುಕೊಳ್ಳುವ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಈ ಪರೀಕ್ಷೆ ಸುಳ್ಳು ಎಚ್ಚರಿಕೆ ಕೊಡುತ್ತದೆ.

ಮರುದಿನ ನಾನೊಂದು ಸಣ್ಣ ಸುಳ್ಳು ಹೇಳಿದೆ. ಟ್ಯೂಬಿನ ಲೇಬಲ್ ಬಗ್ಗೆ ಒಂದು ಸಹಿ ಬೇಕು, ಶಾಲೆ ಮುಗಿಸಿ ಬರುವಾಗ ಒಂದೈದು ನಿಮಿಷ ಬನ್ನಿ ಅಂತ ಟೀಚರಿಗೆ ಫೋನ್ ಮಾಡಿದೆ. ಒಬ್ಬರೇ ಬಂದರು. ಬಾಗಿಲು ಮುಂದೆ ಮಾಡಿ, ಗುಳಿಗೆ ಕೇಳಿದೆ. ಅವರು ಅತ್ತುಬಿಟ್ಟರು.

ವಿಷಯ ಇಷ್ಟು. ಮೂರು ವರ್ಷದಿಂದ ಮುಟ್ಟಿನ ರಕ್ತಸ್ರಾವ ವಿಪರೀತವಾಗಿತ್ತು. ತರಗತಿಯಲ್ಲಿ ಕುರ್ಚಿಯಿಂದ ಏಳಲು ಹೆದರುವಷ್ಟು. ಬೆಳಗಾವಿಯಲ್ಲಿ ಅಕ್ಕನ ಮನೆಗೆ ಹೋದಾಗ ಅಲ್ಲಿಯ ಸ್ತ್ರೀರೋಗ ತಜ್ಞೆಯನ್ನು ಕಂಡಿದ್ದರು. ಸ್ಕ್ಯಾನಿಂಗ್ ಎಲ್ಲ ಮಾಡಿ, ಈಸ್ಟ್ರೋಜನ್ ಸೇರಿದ ಗುಳಿಗೆ ಶುರು ಮಾಡಿದ್ದರು. ಐದು ತಿಂಗಳಾಗಿತ್ತು, ಸ್ರಾವ ಹಿಡಿತಕ್ಕೆ ಬಂದಿತ್ತು. ಆದರೆ ಅದೇ ಗುಳಿಗೆ ಗರ್ಭವನ್ನೂ ತಡೆಯುತ್ತದೆ. ಮನೆಯಲ್ಲಿ ಎರಡನೆಯ ಮಗುವಿನ ಹಾದಿ ಕಾಯುತ್ತಿದ್ದರು. ಅತ್ತೆ ಬನಶಂಕರಿಗೆ ಹರಕೆ ಹೊತ್ತಿದ್ದರು. ಅಂಥ ಮನೆಯಲ್ಲಿ, ಅತ್ತೆಯ ಎದುರು, ಏಳು ಜನ ಕೇಳಿಸಿಕೊಳ್ಳುವ ಹಾಗೆ ನಾನು “ಗುಳಿಗಿ ನಡದಾವೇನ್ರಿ?” ಅಂತ ಕೇಳಿದ್ದೆ. ಬೇರೆ ಉತ್ತರ ಬರಲು ಹೇಗೆ ಸಾಧ್ಯ?

“ಇದು ಜ್ವರ-ನೆಗಡಿ ಗುಳಿಗಿ ಅಲ್ಲಲ್ರಿ, ರಕ್ತಕ್ಕ ಏನ್ ಸಂಬಂಧ ಅಂತ ನಾನೂ ಅಂದ್ಕೊಂಡೆ” ಅಂದರು. ಈ ಮಾತನ್ನು ಆಮೇಲೆ ಬೇರೆಯವರಿಂದಲೂ ಕೇಳಿದ್ದೇನೆ. ಎಷ್ಟೋ ಜನರ ಲೆಕ್ಕದಲ್ಲಿ ಗುಳಿಗೆ ಅಂದರೆ ಕಾಯಿಲೆಗೆ ತಗೊಳ್ಳುವುದು. ಮುಟ್ಟು ಹಿಡಿಯುವ ಗುಳಿಗೆ, ಮೊಣಕಾಲಿಗೆ ಹಚ್ಚುವ ಮುಲಾಮು, ಕೂದಲು ಉದುರಬಾರದೆಂದು ನುಂಗುವ ಬಯೋಟಿನ್, ಇವು ಆ ಲೆಕ್ಕಕ್ಕೇ ಬರುವುದಿಲ್ಲ. ಬಯೋಟಿನ್ ಕೆಲವು ಮಷೀನುಗಳಲ್ಲಿ ಕಾರ್ಟಿಸಾಲನ್ನು ಸುಳ್ಳಾಗಿ ಏರಿಸಿ ತೋರಿಸುತ್ತದೆ. ಹೆಸರಿಲ್ಲದ ಪೊಟ್ಟಣದ ‘ಸಂಧಿವಾತದ ಪುಡಿ’ಯಲ್ಲಿ ಸ್ಟೀರಾಯ್ಡ್ ಬೆರೆಸಿದ್ದರೆ ಕಥೆ ಇನ್ನೊಂದು ತುದಿಗೆ ಹೋಗುತ್ತದೆ: ಮುಖ ಊದಿ ದುಂಡಗಾಗಿರುತ್ತದೆ, ರಕ್ತದಲ್ಲಿ ಸ್ವಂತ ಕಾರ್ಟಿಸಾಲ್ ಮಾತ್ರ ನೆಲ ಕಚ್ಚಿರುತ್ತದೆ. ಅಂಥದ್ದನ್ನು ದಿಢೀರ್ ಅಂತ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಟೀಚರ್ ಒಪ್ಪಿಗೆ ಕೊಟ್ಟ ಮೇಲೆ ಅವರ ಕುಟುಂಬದ ವೈದ್ಯರಿಗೆ ಫೋನ್ ಮಾಡಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಛೇ, ನಾನೂ ಅವರ ಗಂಡನ್ನೇ ಕೇಳೀನಿ ನೋಡ್ರಿ” ಅಂದರು. ಎಂಆರ್‌ಐ ನಿಲ್ಲಿಸಿ, ಬೆಳಗಾವಿಯ ಹಾರ್ಮೋನ್ ತಜ್ಞರಿಗೆ ಚೀಟಿ ಬರೆದುಕೊಟ್ಟರು. ಎಂಆರ್‌ಐ ನಿಂತದ್ದು ದುಡ್ಡು ಉಳಿಸಿದ್ದಕ್ಕಿಂತ ದೊಡ್ಡ ಪುಣ್ಯ. ಯಾವ ತೊಂದರೆಯೂ ಇಲ್ಲದ ಜನರ ತಲೆ ಸ್ಕ್ಯಾನ್ ಮಾಡಿದರೂ ಸುಮಾರು ಹತ್ತರಲ್ಲಿ ಒಬ್ಬರ ಪಿಟ್ಯುಟರಿಯಲ್ಲಿ ಒಂದು ಸಣ್ಣ ಚುಕ್ಕೆ ಕಾಣುತ್ತದೆ. ಆ ಚುಕ್ಕೆ ಇವರಲ್ಲೂ ಕಂಡಿದ್ದರೆ? 33.6 ಮತ್ತು 4.6 ಜೊತೆಗೆ ಒಂದು ಚುಕ್ಕೆ ಸೇರಿದ್ದರೆ ಆ ಮನೆಯ ಗತಿ ಏನಾಗುತ್ತಿತ್ತು ಅಂತ ಈಗಲೂ ಯೋಚಿಸುತ್ತೇನೆ.

ಬೆಳಗಾವಿಗೆ ಗಂಡ-ಹೆಂಡತಿ ಇಬ್ಬರೇ ಹೋದರು. ಲೋಕಾಪುರ, ಯರಗಟ್ಟಿ ದಾಟಿ ಮೂರು ತಾಸಿನ ಬಸ್ ದಾರಿ. ಯರಗಟ್ಟಿಯಲ್ಲಿ ಚಹಾಕ್ಕೆ ನಿಂತಾಗ ಟೀಚರ್ ಗಂಡನಿಗೆ ಎಲ್ಲ ಹೇಳಿದರಂತೆ. ಅವರು ಅರ್ಧ ಚಹಾ ಚೆಲ್ಲಿ ಸುಮ್ನೆ ಬಸ್ ಹತ್ತಿದರು. ನೇಸರಗಿ ಬರುವ ತನಕ ಮಾತಿಲ್ಲ. ಆಮೇಲೆ ಕೇಳಿದ್ದು ಒಂದೇ: “ಅಷ್ಟ್ ರಕ್ತ ಹೋಗ್ತಿತ್ತೇನು? ನನಗ್ಯಾಕ ಹೇಳಲಿಲ್ಲ?”

ತಜ್ಞರು ವರದಿ ನೋಡುವ ಮೊದಲು ಟೀಚರನ್ನು ನೋಡಿದರು. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರಿಸಿ, ಕೈ ಊರದೆ ಏಳಿ ಅಂದರು. ಎದ್ದರು. ಕುಶಿಂಗ್ಸ್ ಇದ್ದವರಿಗೆ ತೊಡೆಯ ಸ್ನಾಯು ಸೊರಗಿ ಏಳಲು ಕಷ್ಟವಾಗುತ್ತದೆ. ಚರ್ಮ ತೆಳುವಾಗಿದೆಯೇ, ಸುಮ್ಮಸುಮ್ಮನೆ ನೀಲಿಗಟ್ಟುತ್ತದೆಯೇ, ಹೊಟ್ಟೆಯ ಮೇಲೆ ಬೆರಳಗಲದ ನೇರಳೆ ಪಟ್ಟೆಗಳಿವೆಯೇ ಎಂದು ನೋಡಿದರು. ಯಾವುದೂ ಇಲ್ಲ. ಬಿಪಿ 118/76.

ಆಮೇಲೆ ಆ ಹಳೆಯ ಪ್ಯಾಕೇಜ್ ವರದಿಯನ್ನು ಮೊದಲಿಂದ ಕೊನೆಯ ತನಕ ಓದಿದರು. ನಾವೆಲ್ಲ ಕಾರ್ಟಿಸಾಲ್ ಸಾಲಿಗೆ ಬಂದು ನಿಂತುಬಿಟ್ಟಿದ್ದೆವು. ಅದೇ ಹಾಳೆಯಲ್ಲಿ ಥೈರಾಯ್ಡ್ ಕೂಡ ಇತ್ತು. ಥೈರಾಯ್ಡ್ ಹಾರ್ಮೋನಾದ ಟಿ4 ಒಟ್ಟು ಲೆಕ್ಕದಲ್ಲಿ ಮಿತಿ ಮೀರಿತ್ತು, ಆ ಗ್ರಂಥಿಗೆ ಪಿಟ್ಯುಟರಿ ಕೊಡುವ ಆಜ್ಞೆಯಾದ ಟಿಎಸ್‌ಎಚ್ ಮಾತ್ರ 2.1, ಅಂದರೆ ಸರಿಯಾಗೇ ಇತ್ತು. ಈಸ್ಟ್ರೋಜನ್ ಥೈರಾಯ್ಡ್ ಹಾರ್ಮೋನಿನ ಟ್ರೇಲರುಗಳನ್ನೂ ಹೆಚ್ಚಿಸುತ್ತದೆ. ಸುಳಿವು ಅಲ್ಲೇ ಕೂತಿತ್ತು. ಥೈರಾಯ್ಡ್ ವಿಷಯದಲ್ಲಿ ಫ್ರೀ ಟಿ4 ಕೇಳುವುದು ಈಗ ನಮ್ಮಲ್ಲಿ ಎಲ್ಲರಿಗೂ ರೂಢಿಯಾಗಿದೆ. ಕಾರ್ಟಿಸಾಲ್ ವಿಷಯದಲ್ಲಿ ಆ ರೂಢಿ ಇಲ್ಲ.

ಇಲ್ಲಿ ಒಂದು ನಿರ್ಧಾರ ಮಾಡಬೇಕಿತ್ತು. ಸುಲಭದ ದಾರಿ ಅಂದರೆ ಗುಳಿಗೆ ನಿಲ್ಲಿಸಿ, ಆರು ವಾರ ಬಿಟ್ಟು ಪರೀಕ್ಷೆ ಪುನಃ ಮಾಡುವುದು. ಪುಸ್ತಕದಲ್ಲಿ ಇರುವುದೂ ಅದೇ, ಖರ್ಚೂ ಇಲ್ಲ. ತಜ್ಞರು ಸ್ತ್ರೀರೋಗ ವೈದ್ಯೆಗೆ ಫೋನ್ ಮಾಡಿದರು. ಆ ವೈದ್ಯೆ ಒಪ್ಪಲಿಲ್ಲ. ಹಿಮೋಗ್ಲೋಬಿನ್ ನೋಡಿದ್ದೀರಾ ಅಂದರು. ಅದೇ ಹಾಳೆಯ ಮೊದಲ ಸಾಲು: 8.9. ಅದಕ್ಕೂ ಬಾಣದ ಗುರುತು ಇತ್ತು, ಕೆಳಮುಖವಾಗಿ. ನಮ್ಮ ಕಡೆ ಹೆಂಗಸರಿಗೆ ರಕ್ತ ಕಡಿಮೆ ಅಂದರೆ ಯಾರಿಗೂ ಸುದ್ದಿಯೇ ಅಲ್ಲ. ‘ಎಲ್ಲಾರಿಗೂ ಇರೂದ’ ಅಂತ ಮುಂದೆ ಹೋಗುತ್ತೇವೆ. ಇಂಥವರಿಗೆ ಒಂದು ಅಂಕಿ ಸರಿಮಾಡಲು ಗುಳಿಗೆ ನಿಲ್ಲಿಸಿ ಮತ್ತೆ ಒಂದೂವರೆ ತಿಂಗಳು ರಕ್ತ ಹರಿಸುವುದು ಬೇಡ ಅನ್ನುವುದು ಆ ವೈದ್ಯೆಯ ಪಟ್ಟು. ನನ್ನ ಪ್ರಕಾರ ಈ ಪ್ರಕರಣದ ಅತ್ಯಂತ ಒಳ್ಳೆಯ ನಿರ್ಧಾರ ಇದು. ಬಿಡಿ ಕಾರ್ಟಿಸಾಲನ್ನೇ ಅಳೆಯುವ ಪರೀಕ್ಷೆಗೆ ನಿಜವಾದ ಕೆಲಸ ಸಿಕ್ಕಿದ್ದು ಇಲ್ಲಿ. ಗುಳಿಗೆ ನಡೆಯಲಿ, ಟ್ರೇಲರ್ ಎಷ್ಟೇ ಇರಲಿ, ನಾವು ಗಾಣವನ್ನೇ ನೋಡೋಣ.

ಗಾಣ ನೋಡಲು ಮೂರು ಕಿಟಕಿಗಳಿವೆ. ಮೂರನ್ನೂ ಬಳಸಿದರು.

ಮೊದಲನೆಯದು ಎಂಜಲು. ಪ್ರೋಟೀನಿಗೆ ಅಂಟಿದ ಕಾರ್ಟಿಸಾಲ್ ಜೊಲ್ಲಿನ ಗ್ರಂಥಿಯನ್ನು ದಾಟಿ ಬರಲಾರದು. ಬಾಯಿಗೆ ಬರುವುದು ಬಿಡಿಯದ್ದು ಮಾತ್ರ. ಮಧ್ಯರಾತ್ರಿ ಹತ್ತಿರ ತೆಗೆದರೆ, ತಳ ಮುಟ್ಟಬೇಕಾದ ಹೊತ್ತಿನಲ್ಲಿ ಮುಟ್ಟಿದೆಯೋ ಇಲ್ಲವೋ ಗೊತ್ತಾಗುತ್ತದೆ. ಒಂದು ಸಣ್ಣ ಹತ್ತಿಯ ಸುರುಳಿ ಕೊಟ್ಟಿದ್ದೆ. ರಾತ್ರಿ 11ರ ನಂತರ ಅದನ್ನು ಎರಡು ನಿಮಿಷ ಬಾಯಲ್ಲಿ ಹೊರಳಿಸಿ ಟ್ಯೂಬಿಗೆ ಹಾಕಬೇಕು. ಅದಕ್ಕೆ ಮುಂಚೆ ಅರ್ಧ ತಾಸು ತಿನ್ನಬಾರದು, ಹಲ್ಲುಜ್ಜಬಾರದು, ಒಸಡಿನಿಂದ ರಕ್ತ ಬಂದರೆ ಮಾದರಿ ಕೆಟ್ಟಂತೆ. ಎರಡು ಬೇರೆ ಬೇರೆ ರಾತ್ರಿ ಬೇಕು. ತಜ್ಞರು ಇನ್ನೊಂದು ಪ್ರಶ್ನೆ ಕೇಳಿದ್ದರು, ನನಗೆ ಜನ್ಮದಲ್ಲಿ ಹೊಳೆಯುತ್ತಿರಲಿಲ್ಲ: “ಗಂಟಲಿಗೆ ಜೇಷ್ಠಮಧು ಇಟ್ಕೋತೀರೇನು?” ಟೀಚರು ದಿನವಿಡೀ ಕೂಗಿ ಪಾಠ ಮಾಡುವವರು, ಪರ್ಸಿನಲ್ಲಿ ಯಾವಾಗಲೂ ಒಂದು ತುಂಡು ಇರುತ್ತಿತ್ತು. ಜೇಷ್ಠಮಧು ಕಾರ್ಟಿಸಾಲನ್ನು ನಿಷ್ಕ್ರಿಯ ಮಾಡುವ ಕಿಣ್ವವನ್ನು ತಡೆಯುತ್ತದೆ, ಎಂಜಲಿನ ಅಂಕಿ ಸುಳ್ಳಾಗಿ ಏರುತ್ತದೆ. ಎರಡು ವಾರ ಅದನ್ನು ಬಿಡಿಸಿದ ಮೇಲೆಯೇ ಮಾದರಿ ತೆಗೆದದ್ದು. ಎರಡೂ ರಾತ್ರಿಯ ಫಲಿತಾಂಶ ಮಿತಿಯೊಳಗೆ.

ಎರಡನೆಯದು 24 ತಾಸಿನ ಮೂತ್ರ. ಕಿಡ್ನಿ ಸೋಸುವುದೂ ಬಿಡಿ ಕಾರ್ಟಿಸಾಲನ್ನೇ. ತತ್ವ ಸರಳ, ಪಾಡು ಕಷ್ಟ. ಬೆಳಗಿನ ಮೊದಲ ಮೂತ್ರ ಚೆಲ್ಲಿ, ಅಲ್ಲಿಂದ ಮರುದಿನ ಬೆಳಗಿನ ಮೊದಲ ಮೂತ್ರದ ತನಕ ಒಂದು ಹನಿ ಬಿಡದೆ ಕ್ಯಾನಿನಲ್ಲಿ ಹಿಡಿಯಬೇಕು, ತಂಪಾಗಿಡಬೇಕು. ಶಾಲೆಗೆ ಕ್ಯಾನ್ ಒಯ್ಯುವ ಹಾಗಿಲ್ಲ, ಹಾಗಾಗಿ ಭಾನುವಾರ. ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಅದನ್ನು ಇಡಲು ಅತ್ತೆ ಬಿಡುತ್ತಾರಾ? ಬಚ್ಚಲಿನಲ್ಲಿ ಬಕೀಟಿಗೆ ಐಸ್ ತುಂಬಿ ಅದರೊಳಗೆ ಇಟ್ಟರು. ಆ ಭಾನುವಾರ ಸಂಜೆ ಸಂಬಂಧಿಕರ ಮನೆಯ ಕುಪ್ಪಸದ ಕಾರ್ಯಕ್ಕೆ ಹೋಗಲೇಬೇಕಾಗಿ ಬಂತು. ಅಲ್ಲಿ ಒಂದು ಸಲದ್ದು ತಪ್ಪಿತು. ಅದನ್ನು ನನಗೆ ಹೇಳಲಿಲ್ಲ. ಲ್ಯಾಬಿನವರು ಹಿಡಿದರು: ದಿನಾ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮೂತ್ರಕ್ಕೆ ಹೋಗುವ ಕ್ರಿಯಾಟಿನಿನ್ ಅವರ ಮೈಕಟ್ಟಿಗೆ ಬೇಕಾದದ್ದಕ್ಕಿಂತ ಕಡಿಮೆ ಇತ್ತು. ಆ ಮಾದರಿ ರದ್ದು. ಮುಂದಿನ ಭಾನುವಾರ ಮತ್ತೆ ಹಿಡಿದರು, ಈ ಸಲ ಸರಿಯಾಗಿ ಬಂತು. ಅದೂ ಮಿತಿಯೊಳಗೆ.

ಮೂರನೆಯದು ರಕ್ತದಲ್ಲೇ ಬಿಡಿ ಕಾರ್ಟಿಸಾಲ್ ಅಳೆಯುವುದು. ಇದು ಬಾಗಲಕೋಟೆಯಲ್ಲಿ ಆಗುವುದಿಲ್ಲ, ಮುಂಬೈಗೆ ಹೋಯಿತು. ಸೀರಮ್ಮನ್ನು, ಅಂದರೆ ಹೆಪ್ಪುಗಟ್ಟಿದ ರಕ್ತದಿಂದ ಬೇರೆಯಾದ ತಿಳಿಯನ್ನು, ಅತಿ ಸಣ್ಣ ರಂಧ್ರದ ಪೊರೆಯ ಒಂದು ಬದಿಗಿಟ್ಟರೆ ಪ್ರೋಟೀನು ಅಲ್ಲೇ ಉಳಿಯುತ್ತದೆ, ಬಿಡಿ ಕಾರ್ಟಿಸಾಲ್ ಮಾತ್ರ ಪೊರೆ ದಾಟುತ್ತದೆ. ದಾಟಿದ್ದನ್ನು ಮಾಸ್ ಸ್ಪೆಕ್ಟ್ರೋಮೀಟರ್‌ನಿಂದ ಅಳೆಯುತ್ತಾರೆ. ಅದನ್ನು ಮೈಯ ಬಿಸಿಯಲ್ಲೇ, ಅಂದರೆ 37 ಡಿಗ್ರಿಯಲ್ಲೇ ಮಾಡಬೇಕು, ಯಾಕೆಂದರೆ ಬಿಸಿ ಹೆಚ್ಚಾದಂತೆ ಸಿಬಿಜಿಯ ಹಿಡಿತ ಸಡಿಲವಾಗುತ್ತದೆ. ನನಗೆ ಇದು ಬಹಳ ಹಿಡಿಸಿದ ಸಂಗತಿ: ಜ್ವರ ಬಂದಾಗ ಟ್ರೇಲರ್ ತಾನಾಗಿ ಸರಕು ಇಳಿಸುತ್ತದೆ. ಪರೀಕ್ಷೆ ದುಬಾರಿ, ವರದಿಗೆ ವಾರ ಹಿಡಿಯಿತು. ಅದೇ ಬೆಳಗ್ಗೆ ಒಟ್ಟು ಕಾರ್ಟಿಸಾಲನ್ನೂ ಕಳಿಸಿದ್ದೆವು. ಒಟ್ಟು 34.2. ಬಿಡಿಯದ್ದು 0.7, ಆ ಲ್ಯಾಬಿನ ಬೆಳಗಿನ ಮಿತಿಯೊಳಗೆ. ನೂರಕ್ಕೆ ಎರಡು ಮಾತ್ರ ಗಾಣದಲ್ಲಿ, ಉಳಿದದ್ದೆಲ್ಲ ರಸ್ತೆಯಲ್ಲಿ.

ಎಂಜಲು, ಮೂತ್ರ ಎರಡೂ ಸರಿ ಬಂದ ಮೇಲೆ ಈ ಮೂರನೆಯದು ಬೇಕಿತ್ತೇ? ತಜ್ಞರೇ ‘ಇಲ್ಲದಿದ್ದರೂ ನಡೀತಿತ್ತು’ ಅಂದರು. ಗಂಡನಿಗೆ ಮಾತ್ರ ‘ರಕ್ತದ್ದು ರಕ್ತದಾಗ’ ನೋಡಿದರೇ ಸಮಾಧಾನ ಅಂತಿತ್ತು. ಆ ಸಮಾಧಾನಕ್ಕೆ ಅಷ್ಟು ದುಡ್ಡು ಕೊಟ್ಟದ್ದನ್ನು ನಾನು ಟೀಕಿಸಲಾರೆ. ಈ ಪರೀಕ್ಷೆ ನಿಜಕ್ಕೂ ಬೇಕಾಗುವ ಇನ್ನೊಂದು ಸಂದರ್ಭ ಇದಕ್ಕೆ ಪೂರಾ ಉಲ್ಟಾ. ಲಿವರ್ ಕೆಟ್ಟವರು, ಐಸಿಯುನಲ್ಲಿ ಇರುವವರು, ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವವರು, ಇವರಲ್ಲಿ ಟ್ರೇಲರುಗಳೇ ಕಡಿಮೆ. ಒಟ್ಟು ಅಂಕಿ ಕೆಳಗಿಳಿದು ಕಾರ್ಟಿಸಾಲ್ ಕೊರತೆ ಇದೆ ಅನ್ನಿಸುತ್ತದೆ. ಗಾಣ ಮಾತ್ರ ಚೆನ್ನಾಗೇ ತಿರುಗುತ್ತಿರಬಹುದು.

ಹಾಗಾದರೆ ಸುಸ್ತು ಯಾಕೆ? ಉತ್ತರ ಮೊದಲ ದಿನದಿಂದ ಹಾಳೆಯ ಮೊದಲ ಸಾಲಿನಲ್ಲಿತ್ತು. ಫೆರಿಟಿನ್ ಮಾಡಿಸಿದರು, 5 ಬಂತು. ಮೈಯಲ್ಲಿ ಕಬ್ಬಿಣದ ದಾಸ್ತಾನು ಖಾಲಿ. ಗುಳಿಗೆ ಸ್ರಾವ ನಿಲ್ಲಿಸಿತ್ತು, ಆದರೆ ಮೂರು ವರ್ಷ ಹೋದದ್ದನ್ನು ಯಾರೂ ತುಂಬಿರಲಿಲ್ಲ. ಕಬ್ಬಿಣದ ಮಾತ್ರೆ ಕೊಟ್ಟಿದ್ದರು, ಹೊಟ್ಟೆ ಕಟ್ಟುತ್ತದೆ ಅಂತ ಟೀಚರ್ ಹದಿನೈದು ದಿನಕ್ಕೇ ಬಿಟ್ಟಿದ್ದರು. ಆ ಇರುವೆ ಹರಿದಾಡುವ ಕಾಲು? ಕಬ್ಬಿಣ ಕಡಿಮೆಯಾದವರಲ್ಲಿ ರಾತ್ರಿ ಕಾಲು ಚಡಪಡಿಸುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಲಕ್ಷಣ. ನಿದ್ದೆ ಕೆಡಿಸಿದ್ದು ಆ ಕಾಲು. ನಾವು ಅದನ್ನು ‘ಟೆನ್ಷನ್’ ಖಾತೆಗೆ ಬರೆದಿದ್ದೆವು.

ರಕ್ತನಾಳದ ಮೂಲಕ ಕಬ್ಬಿಣದ ಇಂಜೆಕ್ಷನ್ ಕೊಟ್ಟರು. ಮೂರು ತಿಂಗಳಿಗೆ ಹಿಮೋಗ್ಲೋಬಿನ್ 12.1. ಕಾಲು ಅದಕ್ಕೂ ಮೊದಲೇ ಸುಮ್ಮನಾಗಿತ್ತು. ತೂಕ ಒಂದು ಕಿಲೊ ಇಳಿದಿದೆ, ಮೂರು ಹಾಗೇ ಇದೆ. ಅದಕ್ಕೆ ಯಾವ ಹಾರ್ಮೋನೂ ಕಾರಣವಲ್ಲ ಅಂತ ಟೀಚರೇ ನಗುತ್ತಾರೆ.

ನನ್ನ ಕೇಂದ್ರದಲ್ಲಿ ಎರಡು ಬದಲಾವಣೆ ಮಾಡಿದೆ. ರಕ್ತ ತೆಗೆಯುವ ಕುರ್ಚಿಗೆ ಒಂದು ಪರದೆ ಹಾಕಿಸಿದೆ. ಯಾರೇ ಜೊತೆಗೆ ಬಂದರೂ ಪರದೆಯ ಹೊರಗೇ ಕೂರಬೇಕು, “ಸೂಜಿ ನೋಡಿ ನಿಮಗ ಚಕ್ರ ಬಂದೀತು” ಅಂತ ನೆಪ ಹೇಳುತ್ತೇನೆ. ಇನ್ನೊಂದು, ‘ಗುಳಿಗೆ ನಡೆದಿದೆಯೇ’ ಅಂತ ಕೇಳುವುದನ್ನು ಬಿಟ್ಟೆ. ಮುಟ್ಟಿಗೆ, ಕೂದಲಿಗೆ, ಮೊಣಕಾಲಿಗೆ, ಚರ್ಮಕ್ಕೆ, ಗಂಟಲಿಗೆ ಅಂತ ಒಂದೊಂದೇ ಹೆಸರು ಹಿಡಿದು ಮೆಲ್ಲಗೆ ಕೇಳುತ್ತೇನೆ. ಒಬ್ಬೊಬ್ಬರಿಗೆ ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ. ಹಿಂದೆ ಕೂತವರು ಗೊಣಗುತ್ತಾರೆ.

ಹೋದ ತಿಂಗಳು ಟೀಚರ್ ಫೆರಿಟಿನ್ ಮಾಡಿಸಲು ಬಂದಿದ್ದರು, ಜೊತೆಗೆ ಅತ್ತೆಯೂ ಇದ್ದರು. ಈ ಸಲ ಫಾರ್ಮನ್ನು ಟೀಚರೇ ತುಂಬಿದರು. ಔಷಧದ ಸಾಲಿನಲ್ಲಿ ಗುಳಿಗೆಯ ಪೂರ್ತಿ ಹೆಸರು ಬರೆದು, ಆ ಸಾಲು ಒಳಗೆ ಹೋಗುವ ಹಾಗೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿತ್ತರು. ಹೊರಗೆ ಅತ್ತೆ ಪಕ್ಕದವರಿಗೆ ಹೇಳುತ್ತಿದ್ದರು, “ನಮ್ಮ ಸೊಸಿಗೆ ಕಬ್ಬಿಣ ಕಮ್ಮಿ ಆಗಿತ್ತ್ರಿ, ಡಾಕ್ಟರ್ ಸುಮ್ಮ ತಲಿ ಫೋಟೋ ತಗಸಾಕ ಹತ್ತಿದ್ದರು.” ನಾನು ಹಾಳೆ ಬಿಚ್ಚಿ, ಓದಿ, ಕಂಪ್ಯೂಟರಿಗೆ ಹೊಡೆದು, ಮತ್ತೆ ಮಡಚಿಟ್ಟೆ. ಪರದೆ ಎಳೆದು ತೋಳಿಗೆ ಪಟ್ಟಿ ಕಟ್ಟಿದೆ.